ಮೂರು ಸಲ ಕೇಳಿದ ಮಾತು

ಹೋದ ತಿಂಗಳು ಶಹಾಬಜಾರದ ತಳ್ಳುಗಾಡಿಯಲ್ಲಿ ಕಮಲಾಪುರದ ಕೆಂಪು ಬಾಳೆಹಣ್ಣು ಕಂಡೆ. ಕೊಂಡು ಮೂಗಿನ ಹತ್ತಿರ ಹಿಡಿದದ್ದೇ ತಡ, ಅಲ್ಲಿನ ಬಾಳೆತೋಟದ ಅಜ್ಜಿ, ನಾನು ಆಯಿ ಎನ್ನುತ್ತಿದ್ದವರು, ನೆನಪಾದರು. ಮೂವತ್ತು ವರ್ಷ ಅವರನ್ನು ನೆನೆಯದೆಯೇ ಆರಾಮಾಗಿದ್ದವನು ನಾನು. ಈಗ ಭಾಷಾವಿಜ್ಞಾನದ ಪಾಠ ಹೇಳಿ ಹೇಳಿ ಸಾಕಾಗಿದೆ, ನಿವೃತ್ತಿಗೆ ದಿನ ಎಣಿಸುತ್ತಿದ್ದೇನೆ...

ಆಗ ಈ ಭಾಗದ ಆಡುಮಾತಿನ ಮೇಲೆ ಸಂಶೋಧನೆ ಮಾಡುತ್ತಿದ್ದೆ. ಶಾಲೆಯ ಮೆಟ್ಟಿಲು ಹತ್ತದ ಹಿರಿಯರು ಬೇಕಾಗಿತ್ತು. ಕಮಲಾಪುರದಲ್ಲಿ ಆಯಿ ಸಿಕ್ಕರು. ಬಾಳೆಯ ನೆರಳಲ್ಲಿ ಕೂತು, ನಾನು ಒಂದೊಂದನ್ನೇ ತೋರಿಸಿಯೋ ವಿವರಿಸಿಯೋ ಕೇಳಿದರೆ ಪಟಪಟನೆ ಹೇಳುತ್ತಿದ್ದರು. ಕಸಬರಗಿ, ಕೂಸು, ಬ್ಯಾನಿ... ಒಂದಕ್ಕೂ ತಡವರಿಸಲಿಲ್ಲ.

ಅದೇ ಪಟ್ಟಿಯನ್ನು ಬೇರೆ ಬೇರೆ ದಿನ ಮೂರು ಸಲ ಕೇಳಬೇಕು, ಉತ್ತರ ಬದಲಾಗದಿದ್ದರೆ ಮಾತ್ರ ಬರೆದುಕೊಳ್ಳಬೇಕು. ಇದು ನಮ್ಮ ಶಾಸ್ತ್ರದ ಕಟ್ಟಳೆ. ಅದನ್ನು ಆಯಿಗೆ ತಿಳಿಸಬೇಕೆಂದು ನನಗೆ ಹೊಳೆಯಲೇ ಇಲ್ಲ. ಎರಡನೇ ಸಲ ಹೋದಾಗ ಅವರ ಮುಖ ಸಣ್ಣದಾಯಿತು.

"ಅವತ್ತ ಹೇಳಿದ್ದು ತಪ್ಪಾಗ್ಯಾದೇನು ತಮ್ಮಾ?"

"ಇಲ್ಲ ಆಯಿ, ಸುಮ್ನ ಹೇಳ್ರಿ," ಎಂದೆ.

ಮೂರನೇ ಸಲ ಕಸಬರಗಿ ಪೊರಕೆಯಾಗಿತ್ತು, ಕೂಸು ಶಿಶುವಾಗಿತ್ತು, ಬ್ಯಾನಿ ರೋಗವಾಗಿತ್ತು. ಒಂದೊಂದು ಉತ್ತರ ಕೊಟ್ಟಾಗಲೂ ಆಯಿ ನನ್ನ ಮುಖ ನೋಡುತ್ತಿದ್ದರು. ನನಗೋ ಸಿಟ್ಟು. ತಿಂಗಳ ಕೆಲಸ ನೀರುಪಾಲಾಯಿತೆಂದು ಗೊಣಗುತ್ತ ಎದ್ದೆ. ಬೇರೊಬ್ಬರನ್ನು ಹುಡುಕಿಕೊಂಡೆ. ಆಯಿಗೆ ಹೋಗಿಬರುತ್ತೇನೆಂದು ಕೂಡ ಹೇಳಲಿಲ್ಲ.

ಹೋದ ವಾರ ಬಸ್ಸು ಹತ್ತಿ ಕಮಲಾಪುರಕ್ಕೆ ಹೋದೆ. ಆಯಿ ತೀರಿಕೊಂಡು ವರ್ಷಗಳೇ ಆಗಿವೆಯಂತೆ. ಅವರ ಸೊಸೆ ನನ್ನ ಗುರುತು ಹಿಡಿದು ಚಹಾ ಕೊಟ್ಟರು.

"ನೀವು ಮತ್ತ ಅದನ್ನೇ ಕೇಳಿದ್ದಕ್ಕ ಅತ್ತಿ ಭಾಳ ನಾಚಿಕೊಂಡಿದ್ರು ರೀ. ದಿನಾ ಸಂಜಿಮುಂದ ಮಾಸ್ತರ ಮನಿಗೆ ಹೋಗಿ ಪುಸ್ತಕದ ಮಾತು ಕಲೀತಿದ್ರು. ನನ್ನಿಂದ ಆ ತಮ್ಮನ ಓದು ಕೆಡಬಾರದು ಅಂತಿದ್ರು."

ತಲೆಯೆತ್ತಿ ನೋಡಲು ನಾಚಿಕೆಯಾಯಿತು. ನನಗಾಗಿ ಆ ವಯಸ್ಸಿನಲ್ಲಿ ಪಾಠ ಕಲಿತವರನ್ನು ನಾನು ದಡ್ಡರೆಂದುಕೊಂಡಿದ್ದೆ...

"ಅತ್ತೀ ಮಾತು ನಿಮ್ಮ ಪುಸ್ತಕದಾಗ ಬಂದಾವೇನ್ರಿ?"

"ಬಂದಾವ್ರಿ."

"ಒಮ್ಮೆ ತಂದು ತೋರಸ್ರಿ. ನಾ ಓದ್ತೀನಿ."

ಆಯ್ತೆಂದು ಹೇಳಿ ಬಂದಿದ್ದೇನೆ. ಕ್ಷಮೆ ಕೇಳಲು ಆಯಿ ಇಲ್ಲ. ನನ್ನ ಪ್ರಬಂಧ ಮೇಜಿನ ಮೇಲಿದೆ, ಇವತ್ತು ಬೆಳಿಗ್ಗೆ ತಿರುವಿ ನೋಡಿದೆ. ಅವರ ಬಗ್ಗೆ ಇರುವುದು ಒಂದೇ ಸಾಲು, ಪುಟದ ಅಡಿಯಲ್ಲಿ, ಸಣ್ಣ ಅಕ್ಷರದಲ್ಲಿ: 'ಕಮಲಾಪುರದ ವೃದ್ಧೆಯೊಬ್ಬರ ಉತ್ತರಗಳು ನಂಬಲರ್ಹವಲ್ಲದ್ದರಿಂದ ಕೈಬಿಡಲಾಗಿದೆ.'