‘ಹ’ ಇಲ್ಲದ ಒಂದು ಪುಟ

ಹೊಸ ತಿಪ್ಪಸಂದ್ರದ ಮಾರುಕಟ್ಟೆ ರಸ್ತೆಗೆ ತರಕಾರಿ ಗಾಡಿಗಳು ಇನ್ನೂ ಬಂದಿಲ್ಲ. ಹಿಂದಿನ ಓಣಿಯ ಮಹಡಿ ಮನೆಯಲ್ಲಿ ಶ್ರೀನಾಥ್ ಸ್ನಾನ ಮುಗಿಸಿ ದೇವರ ಮುಂದೆ ದೀಪ ಹಚ್ಚುತ್ತಾರೆ. ಹೋದ ಯುಗಾದಿಯವರೆಗೂ ಇದು ಹಂಸ ಅವರ ಕೆಲಸ. ಹೆಂಡತಿ ತೀರಿಕೊಂಡ ಮೇಲೆ ಬತ್ತಿ ಹೊಸೆಯುವುದನ್ನೂ ಇವರೇ ಕಲಿತಿದ್ದಾರೆ. ಕೈಮುಗಿದು ಎದ್ದವರು ಮೂಲೆಯ ಹಳೆಯ ಕಂಪ್ಯೂಟರಿನ ಮುಂದೆ ಕೂರುತ್ತಾರೆ. ಕಚೇರಿಗೆ ಹೊರಡುವ ಮುಂಚಿನ ಈ ಹೊತ್ತು ಮಾತ್ರ ಅವರದು.

ಅವರು ಕಟ್ಟುತ್ತಿರುವುದು ‘ಗೂಡು’ ಎಂಬ ವಿಕಿ. ಹಲವರು ಸೇರಿ ಬರೆಯುವ, ಯಾರು ಬೇಕಾದರೂ ತಿದ್ದಬಹುದಾದ ಪುಟಗಳ ಕಟ್ಟು ಅದು. ಎಲ್ಲೋ ದೂರದ ಕಂಪನಿಯ ಯಂತ್ರದಲ್ಲಲ್ಲ, ಬೇಕಾದವರು ತಮ್ಮ ಮನೆಯ ಕಂಪ್ಯೂಟರಿನಲ್ಲೇ ಇಟ್ಟುಕೊಳ್ಳಬಹುದು. ಗುಜರಿಗೆ ಹಾಕುವಂಥದ್ದಾದರೂ ಸಾಕು, ಅಷ್ಟು ಹಗುರ. ತಂತ್ರಾಂಶ ಉಚಿತ, ಅದರ ಕೋಡ್ ಕೂಡ ಎಲ್ಲರಿಗೂ ತೆರೆದಿದೆ. ಪುಲಿಕೇಶಿನಗರದ ಹೊಲಿಗೆ ಸಂಘದಿಂದ ಹಿಡಿದು ಹೆಸರು ತಿಳಿಯದ ಊರುಗಳವರೆಗೆ ಜನ ಬಳಸುತ್ತಾರೆ. ಮಾಡಿದವರು ಯಾರೆಂದು ಕೇಳಿದವರಿಲ್ಲ.

ಗೂಡಿನ ಮೊದಲ ಬಳಕೆದಾರರೇ ಹಂಸ. ಕೆ.ಆರ್. ಪುರದಾಚೆಯ ಒಕ್ಕಲು ಮನೆಯ ಮಗಳು, ಉಪ್ಪಿನಕಾಯಿ ಮಾಡಿ ಮಾರುತ್ತಿದ್ದರು. ಅವರ ನಾಲಗೆಯಲ್ಲಿ ‘ಹ’ ನಿಲ್ಲುತ್ತಿರಲಿಲ್ಲ; ಅಡಿಗೆ ಮಾಡುವ ಬಗೆಗಳನ್ನು ಗೂಡಿನಲ್ಲಿ ಆಡಿದಂತೆಯೇ ಬರೆಯುತ್ತಿದ್ದರು. ತಮ್ಮ ಹೆಸರನ್ನೂ ‘ಅಂಸ’ ಎಂದೇ ದಾಖಲಿಸಿದ್ದರು.

“ಹುಣಸೆಗೆ ‘ಹ’ ಹಾಕೇ ಅಂದ್ರೆ, ‘ಉಳಿ ಇದ್ರೆ ಸಾಕು ಬಿಡ್ರೀ, ಅಕ್ಸರ ಆಕಿದ್ರೆ ಇನ್ನೊಂಚೂರು ಉಳಿ ಬತ್ತದಾ?’ ಅನ್ನೋಳು” ಎಂದು ಶ್ರೀನಾಥ್ ನಗುತ್ತಾರೆ. ನಗು ಬಹಳ ಹೊತ್ತು ನಿಲ್ಲುವುದಿಲ್ಲ.

ಹಂಸ ಹೋದ ಮೇಲೆ ವಾರಗಟ್ಟಲೆ ಅವರು ಕಂಪ್ಯೂಟರಿನ ಕಡೆಗೆ ತಿರುಗಿ ನೋಡಲಿಲ್ಲ. ಆಗ ಗೂಡನ್ನು ನೋಡಿಕೊಂಡವರು ಜೊತೆಗೆ ಕೋಡ್ ಬರೆಯುವ ಹಲಸೂರಿನ ಸುಗತ. ಅತ್ತಿಗೆಗೆ ಇಷ್ಟಾದರೂ ಸಲ್ಲಲಿ ಎಂದು ಗೂಡಿನ ಪುಟಗಳ ಸೂಚಿಯಲ್ಲಿದ್ದ ಹಂಸ ಅವರ ಬರಹಗಳನ್ನೆಲ್ಲ ಒಂದೊಂದಾಗಿ ತೆರೆದು ಕಾಗುಣಿತ ತಿದ್ದಿದರು.

“ಯಾರೂ ನೋಡಿ ನಗಬಾರದು ಅನ್ಕೊಂಡೆ ಅಣ್ಣ” ಎಂದರಂತೆ.

ಹಗುರವಾಗಿರಲೆಂದು ಗೂಡು ಪುಟದ ಹಿಂದಿನ ರೂಪಗಳನ್ನು ಕೆಲವೇ ಕೆಲವು ಇಟ್ಟುಕೊಂಡು ಉಳಿದದ್ದನ್ನು ಅಳಿಸುತ್ತದೆ. ಒಂದೊಂದು ಸಾಲು ತಿದ್ದಿ ಉಳಿಸಿದಂತೆ ಹಂಸ ಬರೆದದ್ದು ಹಿಂದೆ ಸರಿದು ಅಳಿಸಿಹೋಯಿತು. ಬೇರೆ ತೆಗೆದಿಡುತ್ತಿದ್ದ ನಕಲಿನಲ್ಲೂ ಹಳೆಯದರ ಮೇಲೆ ಹೊಸದು ಬಂದು ಕೂತಿತ್ತು. “ಆ ನಿಯಮ ಮಾಡಿದ್ದು ನಾನೇ. ಸುಗತನ್ನ ಏನು ಅನ್ನಲಿ? ಪಾಪ, ಅವನೂ ಅತ್ತ” ಎನ್ನುತ್ತಾರೆ ಶ್ರೀನಾಥ್. ಅಡಿಗೆಗಳು ಉಳಿದಿದ್ದವು, ಆಡಿದ ದನಿ ಇರಲಿಲ್ಲ. ಸತ್ತವರನ್ನು ದೇವರು ಒಮ್ಮೆ ಕರೆದುಕೊಳ್ಳುತ್ತಾನೆ; ಇವರ ಪಾಲಿಗೆ ಎರಡನೆಯ ಸಲವೂ ಕರೆದುಕೊಂಡಂತಾಯಿತು.

ಕೆಲವು ತಿಂಗಳಾದ ಮೇಲೆ ತಾಯಿ ಅಕ್ಕಯಮ್ಮನವರು ಊಟಕ್ಕೆ ಕೂತು, “ಅಂಸ ಮಾಡ್ತಿದ್ದ ತೊಕ್ಕು ನಿಂಗೆ ಮಾಡಕ್ಕೆ ಬರಲ್ವೇನೋ?” ಎಂದು ಕೇಳಿದರು. ಶ್ರೀನಾಥ್ ಗೂಡಿನಲ್ಲಿ ‘ಹುಣಸೆ ತೊಕ್ಕು’ ಎಂದು ಹುಡುಕಿದರು. ಏನೂ ಸಿಗಲಿಲ್ಲ. ಕೈ ತೊಳೆಯಲು ಎದ್ದವರಿಗೆ ಹೊಳೆಯಿತು. ಮರಳಿ ಕೂತು ‘ಉಣಸೆ’ ಎಂದು ಒತ್ತಿದರು. ಹಂಸ ಸೂಚಿಗೆ ಸೇರಿಸಲು ಮರೆತಿದ್ದ, ಹಾಗಾಗಿಯೇ ಸುಗತ ಅವರ ಕಣ್ಣಿಗೆ ಬೀಳದ ಒಂದು ಪುಟ ತೆರೆಯಿತು:

“ಉಣಸೆಕಾಯಿ ಬಲ್ತಿರೋದು ತಕಳಿ. ನಾರು ತೆಗೀರಿ. ಉಪ್ಪು, ಅರಿಶಿಣ, ಅಸಿಮೆಣಸಿನಕಾಯಿ ಆಕಿ ಕುಟ್ಟಿ. ಅತ್ತೆಗೆ ಬೇರೆ ತೆಗ್ದಿಟ್ಟು ಖಾರ ಕಮ್ಮಿ ಆಕಿ.”

ಅಕ್ಕಯಮ್ಮನವರಿಗೆ ಓದಲು ಬಾರದು. ಮಗ ಓದಿ ಹೇಳಿದಾಗ ಸೆರಗು ಬಾಯಿಗೆ ಹಿಡಿದು ಒಳಗೆ ಹೋದರು.

ಅಂದಿನಿಂದ ಈ ಬೆಳಗಿನ ಹೊತ್ತೆಲ್ಲ ಗೂಡಿನಲ್ಲಿ ಪುಟ ಹುಡುಕಿಕೊಡುವ ಕೋಡ್ ತಿದ್ದುವುದಕ್ಕೆ ಹೋಯಿತು. ಈಗ ಗೂಡಿನಲ್ಲಿ ‘ಹ’ ಹಾಕಿದರೂ ಬಿಟ್ಟರೂ ಪುಟ ಸಿಗುತ್ತದೆ. ತಮಾಷೆಯೂ ಆಗುತ್ತದೆ. ಹೊಲಿಗೆ ಸಂಘದ ಪರ್ವೀನ್ ಫೋನ್ ಮಾಡಿ, “ಏನ್ ಭಾಯ್, ಹಕ್ಕಿ ಕಸೂತಿ ಹುಡುಕಿದ್ರೆ ಅಕ್ಕಿ ರೊಟ್ಟಿ ಬರುತ್ತೆ. ಸೀರೆ ಮೇಲೆ ರೊಟ್ಟಿ ಹೊಲೀಲಾ?” ಎಂದು ರೇಗಿಸುತ್ತಾರೆ.

ಸುಗತ ಅವರ ಚಿಂತೆ ಬೇರೆ. “ಅಣ್ಣ, ಗೂಡು ಭಾರ ಆಗ್ತಿದೆ. ಯಾರೂ ತಿದ್ದದ ಹಾಗೆ ಅತ್ತಿಗೆ ಪುಟಕ್ಕೆ ಬೀಗ ಹಾಕೋಣ, ಈ ಹುಡುಕಾಟ ತೆಗೆದ್ಬಿಡೋಣ” ಎಂದು ಮತ್ತೆ ಮತ್ತೆ ಹೇಳುತ್ತಾರೆ. ಶ್ರೀನಾಥ್ ಎರಡಕ್ಕೂ ಒಪ್ಪಿಲ್ಲ. ಪುಟದ ನೆತ್ತಿಯಲ್ಲಿ ‘ಬರೆದವರು ಅಂಸ. ಬೇಕಿದ್ದರೆ ಸೇರಿಸಿ, ತಿದ್ದಬೇಡಿ’ ಎಂದಷ್ಟೇ ಬರೆದಿದ್ದಾರೆ.

ಯಾರಾದರೂ ತಿದ್ದಿಬಿಟ್ಟರೆ?

ಹೀಗೆ ಕೇಳಿದವರಿಗೆ ಶ್ರೀನಾಥ್ ಹೇಳುತ್ತಾರೆ: “ತಿದ್ದಬಹುದು. ಬೀಗ ಹಾಕಿದ್ರೆ ಅದು ಗೂಡಲ್ಲ, ಪೆಟ್ಟಿಗೆ. ನಂಗಿರೋದು ಒಂದೇ ಆಸೆ. ಇನ್ಯಾರದೋ ಮನೇಲಿ, ಇನ್ಯಾರೋ ಅವಳ ಥರಾನೇ ಬರೆದಿಟ್ಟು ಹೋಗಿರ್ತಾರೆ. ಅವರ ಮನೆಯವರು ಹುಡುಕಿದಾಗ ಅದು ಸಿಗ್ಬೇಕು.”