ಕಾಕಾನ ಮೂಗು ಸೋರಿದ ದಿನ

ಮನೆಯಿಂದ ಬಂದ ಖಾರದ ಪುಡಿಯ ಪೊಟ್ಟಣ ಬಿಚ್ಚಿದೆ. ಘಾಟಿಗೆ ಸೀನು ಬಂದು ಮೂಗು ಸೋರಿತು. ಅಷ್ಟಕ್ಕೇ ಪೊಟ್ಟಣ ಕಟ್ಟಿ ದೂರ ಇಟ್ಟೆ... ಹಿಂದಿನ ದಿನ ಪ್ರಯೋಗಾಲಯದಲ್ಲಿ ಕೇಳಿದ ಮಾತು ಇನ್ನೂ ಕಿವಿಯಲ್ಲೇ ಇತ್ತು.

ಕಾಂಡಕೋಶಗಳು, ಅಂದರೆ ಸ್ಟೆಮ್ ಸೆಲ್‌ಗಳು, ಹೊರಬಿಡುವ ಕಣ್ಣಿಗೆ ಕಾಣದ ಗುಳ್ಳೆಗಳನ್ನು ಮಿದುಳಿಗೆ ಪೆಟ್ಟಾದ ಇಲಿಗಳಿಗೆ ಕೊಟ್ಟು ನೋಡುವ ಕೆಲಸ ನಮ್ಮದು. ಆಮೇಲೆ ಮಿದುಳಿನ ಸುತ್ತಲಿನ ನೀರು ತೆಗೆದು, ಯಾವ ಪ್ರೋಟೀನು ಏರಿತು, ಯಾವುದು ಇಳಿಯಿತು ಎಂದು ಯಂತ್ರದಲ್ಲಿ ಅಳೆಯುತ್ತೇವೆ. ಆ ಪಟ್ಟಿಯ ಒಂದು ಹೆಸರಿನ ಮೇಲೆ ಬೆರಳಿಟ್ಟು ನಮ್ಮ ಮೇಡಂ ಸಹಜವಾಗಿ ಹೇಳಿದರು: ಇದರದೊಂದು ರೂಪ ಮನುಷ್ಯರ ಮಿದುಳಿನ ನೀರಿನಲ್ಲಿರುತ್ತದೆ, ಸಿಂಬಳದಲ್ಲಿರುವುದಿಲ್ಲ, ತಲೆಗೆ ಪೆಟ್ಟಾದವರ ಮೂಗು ಸೋರಿದರೆ ಆಸ್ಪತ್ರೆಯಲ್ಲಿ ಇದನ್ನೇ ಹುಡುಕುತ್ತಾರೆ, ಹಾಗೇ ಬಿಟ್ಟರೆ ನಂಜು ಮಿದುಳಿಗೇರಿ ಜೀವಕ್ಕೇ ಕುತ್ತು.

ನನಗೆ ಥಟ್ಟನೆ ಕಾಕಾ ನೆನಪಾದರು.

ಬ್ಯಾಡಗಿಯಲ್ಲಿ ಅಪ್ಪನ ದಲಾಲಿ ಅಂಗಡಿಯಲ್ಲಿ ಮೆಣಸಿನಕಾಯಿ ಚೀಲ ಹೊರುತ್ತಿದ್ದ ಕಾಕಾ... ನಮ್ಮ ಮನೆಯ ಹಿಂದಿನ ಮನೆಯವರು. ಸಂಬಂಧಿಕರೇನಲ್ಲ, ಆದರೂ ಕಾಕಾನೇ. ಬಲು ಚೇಷ್ಟೆಯ ಮನುಷ್ಯ, ನಾನು ಬಿ.ಎಸ್ಸಿ. ಓದುತ್ತಿದ್ದುದಕ್ಕೆ ಅರ್ಧ ಡಾಕ್ಟರಬಾಯಿ ಎಂದು ಕಾಡುತ್ತಿದ್ದರು. ಒಂದು ಮಧ್ಯಾಹ್ನ ಒಟ್ಟಿದ ಚೀಲಗಳ ಮೇಲಿಂದ ಕಾಲುಜಾರಿ ತಲೆಕೆಳಗಾಗಿ ಬಿದ್ದರು. ಎದ್ದು ಕೂತು ಚಹಾ ಕುಡಿದರು, ನಕ್ಕರು. ನಮಗೆಲ್ಲ ನಿರಾಳವಾಯಿತು.

ಮರುದಿನ ಮೂಗಿನಿಂದ ತಿಳಿನೀರು. ಬಗ್ಗಿದರೆ ತೊಟತೊಟ ಬೀಳುತ್ತಿತ್ತು.

"ಡಾಕ್ಟರಬಾಯಿ, ಗಂಟಲಾಗ ಉಪ್ಪುಪ್ಪು ಇಳ್ಯಾಕತ್ತೈತಿ. ಯಾಕಿರಬೇಕು?" ಎಂದು ಕೇಳಿದರು.

ಹಂಗಾಮಿನಲ್ಲಿ ನಮ್ಮ ಪೇಟೆಯೊಳಗೆ ಮೂಗು ಸೋರದವರು ಯಾರು? "ಮೆಣಸಿನಕಾಯಿ ಘಾಟಿಗೆ ಹಂಗ ಆಗತೈತಿ ಕಾಕಾ, ಟಾವೆಲ್ ಕಟ್ಕೋರಿ" ಎಂದೆ. ಕಟ್ಟಿಕೊಂಡು ಚೀಲ ಹೊರಲು ಹೋದರು. ವಾರದೊಳಗೆ ಸುಡುವ ಜ್ವರ, ಬಿಗಿದ ಕುತ್ತಿಗೆ. ಹಾವೇರಿಯ ಆಸ್ಪತ್ರೆಗೆ ಒಯ್ಯುವಾಗ ದಾರಿಯಲ್ಲೇ... ಜ್ವರ ಬಂದು ಹೋದರೆಂದೇ ಇಷ್ಟು ವರ್ಷ ನಂಬಿದ್ದೆವು.

ತಡೆಯಲಾಗದೆ ಅವರ ಹೆಂಡತಿಗೆ, ನನ್ನ ಚಿಗವ್ವನಿಗೆ, ಫೋನ್ ಮಾಡಿದೆ. ಅವರಿಗೆ ಹಿಗ್ಗೋ ಹಿಗ್ಗು. ಏನು ಕೆಲಸ ಈಗ ಎಂದು ಕೇಳಿದರು. ಪೆಟ್ಟಾದ ಮಿದುಳಿಗೆ ಔಷಧ ಹುಡುಕುತ್ತಿದ್ದೇವೆ ಎಂದೆ.

"ಆಗ ಇದು ಇದ್ದಿದ್ರ ನಿಮ್ಮ ಕಾಕಾ ಉಳೀತಿದ್ರೇನವಾ?"

ಔಷಧ ಆಮೇಲಿನ ಮಾತು. ಆವತ್ತೇ ಡಾಕ್ಟರಿಗೆ ತೋರಿಸಿದ್ದರೆ ಉಳಿಯುತ್ತಿದ್ದರೇನೋ. ಅಳುತ್ತಲೇ ಎಲ್ಲ ಹೇಳಿದೆ: ಆ ನೀರು ಮಿದುಳಿನದಿರಬೇಕು, ಘಾಟು ಎಂದು ಹೇಳಿ ಕಳಿಸಿದವಳು ನಾನೇ. ಬೈಯುತ್ತಾರೆ ಎಂದುಕೊಂಡಿದ್ದೆ. ಬೈದಿದ್ದರೆ ಚೆನ್ನಾಗಿತ್ತು.

ಚಿಗವ್ವ ಮೆಲ್ಲಗೆ ಅಂದರು:

"ಅವತ್ತ ಮುಂಜಾನೆ ಕೆಲಸಕ್ಕ ಒಲ್ಲೆ ಅಂತ ಮನ್ಯಾಗ ಕುಂತಿದ್ರವಾ. ಮೂಗು ಸೋರಿದ್ದಕ್ಕ ಯಾರರ ಕೆಲಸ ಬಿಡ್ತಾರೇನು ಅಂತ ಎಬ್ಬಿಸಿ ಕಳಿಸಿದಾಕಿ ನಾನು."

ಆಮೇಲೆ ಅವರೂ ಫೋನ್ ಇಡಲಿಲ್ಲ, ನಾನೂ ಇಡಲಿಲ್ಲ.