ಚಾಚಾ ಮಾಡಿದ ಹಿತ್ತಾಳೆ ಗುಂಡಿ

ಹಿತ್ತಾಳೆಯನ್ನು ಸ್ವಲ್ಪ ಹೊತ್ತು ಅಂಗೈಯಲ್ಲಿ ಹಿಡಿದರೆ ಬೆಚ್ಚಗಾಗುತ್ತದೆ. ನನ್ನ ಮೇಜಿನ ಮೇಲಿರುವ, ರೇಡಿಯೋ ತಿರುಗಿಸುವ ಈ ಗುಂಡಿ ಬೆಚ್ಚಗಾದಾಗ ಅದರಿಂದ ವಾರ್ನಿಶಿನ ವಾಸನೆ ಏಳುತ್ತದೆ; ಸುಟ್ಟ ಪಂಪಿನ ಮೋಟಾರಿಗೆ ಹೊಸ ತಾಮ್ರದ ತಂತಿ ಸುತ್ತಿದ ಮೇಲೆ ಹೊಯ್ಯುತ್ತಾರಲ್ಲ, ಆ ಕಂದು ವಾರ್ನಿಶು. ಇಂದು ಬೆಳಿಗ್ಗೆಯೂ ಆ ವಾಸನೆ ಬಂತು... ಸವಣೂರಿನ ನಮ್ಮ ಓಣಿಯ ಚಾಚಾ ನೆನಪಾದರು.

ನಮ್ಮ ಮನೆಯ ಎದುರಿಗೇ ಅವರ ಮೋಟಾರ್ ವೈಂಡಿಂಗ್ ಅಂಗಡಿಯಿತ್ತು. ಅಕ್ಕಿಆಲೂರಿನ ಗಿರಣಿಗಳ ಮೋಟಾರುಗಳೂ ಅಲ್ಲಿಗೆ ಬರುತ್ತಿದ್ದವು. ಹವ್ಯಾಸಿ ರೇಡಿಯೋ ಅವರ ಇನ್ನೊಂದು ಲೋಕ. ಪರೀಕ್ಷೆ ಬರೆದು, ಸರಕಾರದ ಪರವಾನಗಿ ಪಡೆದು, ತಾರಸಿಯ ಮೇಲೆ ತಂತಿ ಬಿಗಿದು, ದಿನವೂ ಬೆಳಿಗ್ಗೆ ಏಳೂವರೆಗೆ ಎಂದೂ ಕಾಣದ ಹತ್ತಾರು ಗೆಳೆಯರೊಡನೆ ಮಾತನಾಡುತ್ತಿದ್ದರು. ನನಗೆ ಆ ವಿದ್ಯೆ ಕಲಿಸಿ, ಪರವಾನಗಿ ಕೊಡಿಸಿದವರೂ ಅವರೇ. ಗ್ಲಾಕೋಮಾದಿಂದ ದೃಷ್ಟಿ ಅಂಚಿನಿಂದ ಒಳಕ್ಕೆ ಕುಗ್ಗತೊಡಗಿದಾಗ ಅಂಗಡಿ ಮುಚ್ಚಿದರು. ಹೊರಗೆ ತಿರುಗಾಡುವುದೂ ನಿಂತಿತು. ಉಳಿದದ್ದು ರೇಡಿಯೋ ಒಂದೇ.

ನಾನಾಗ ಹಾನಗಲ್ಲಿನ ಕಾಲೇಜೊಂದರಲ್ಲಿ ಪಾಠ ಹೇಳುತ್ತ, ರಜೆಯಲ್ಲಿ ಹಿರಿಯರಿಗೆ ಕಂಪ್ಯೂಟರ್ ಕಲಿಸುವ ಶಿಬಿರ ನಡೆಸುತ್ತಿದ್ದೆ. ಯಂತ್ರ ಹೊಸದಾದರೆ ಮನುಷ್ಯ ಸ್ವತಂತ್ರನಾಗುತ್ತಾನೆಂದು ನಿಜವಾಗಿಯೂ ನಂಬಿದ್ದೆ. ಚಾಚಾರ ಹಳೆಯ ಸೆಟ್ಟಿನಲ್ಲಿ ಅಂಕಿಗಳು ಕಡ್ಡಿಯಷ್ಟು ಸಣ್ಣವು. ಕಂಪ್ಯೂಟರಿನಿಂದ ನಡೆಯುವ ಹೊಸ ರೇಡಿಯೋದಲ್ಲಾದರೆ ಅವು ಪರದೆಯ ಮೇಲೆ ಅಂಗೈಯಗಲ ಕಾಣುತ್ತವೆ. ಈ ವಾದವನ್ನು ನಾನು ಹತ್ತೇ ನಿಮಿಷದಲ್ಲಿ ಗೆದ್ದೆ. ಅವರು ಸುಮ್ಮನಿದ್ದರು. ಚರ್ಚಾಸ್ಪರ್ಧೆಯಲ್ಲಿ ಸುಮ್ಮನಿದ್ದವರು ಸೋತಂತೆ. ಅದನ್ನೇ ನಾನು ಕಲಿತು ಬಂದಿದ್ದೆ.

ಹೊಸ ಸೆಟ್ಟು ಬಂದ ದಿನ ಅದರ ಮೈಯೆಲ್ಲ ಸವರಿ ನೋಡಿದರು. ನುಣ್ಣನೆಯ ಕಪ್ಪು ಪೆಟ್ಟಿಗೆ. ತಿರುಗಿಸಲು ಏನೂ ಇಲ್ಲ.

"ಕಿವೀನ ಇಲ್ಲದ ರೇಡಿಯೋ ತಂದೀಯಲ್ಲೋ ತಮ್ಮಾ. ಹಟ ಮಾಡಿದ್ರ ಏನ ಹಿಂಡ್ಲಿ?"

ಎಲ್ಲರೂ ನಕ್ಕೆವು. ಹಳೆಯ ಸೆಟ್ಟನ್ನು ಹಿರೇಕೆರೂರಿನ ಶಾಲೆಯೊಂದಕ್ಕೆ ದಾನ ಕೊಡಿಸಿ, ಅಲ್ಲಿ ಭಾಷಣವನ್ನೂ ಮಾಡಿದೆ. ಮಕ್ಕಳು ಕಲಿಯಲೆಂದು ಅದನ್ನು ಬಿಚ್ಚಿ ಹರವಿದರು. ಮರಳಿ ತರುವ ದಾರಿ ಅಂದೇ ಮುಚ್ಚಿತು.

ಎರಡು ತಿಂಗಳಲ್ಲಿ ಕಣ್ಣು ಪೂರ್ತಿ ಹೋಯಿತು. ಅಂಗೈಯಗಲದ ಅಂಕಿಗಳೂ ಅವರ ಪಾಲಿಗೆ ಇಲ್ಲವಾದವು. ಕೀಬೋರ್ಡಿನ ಬಾಣದ ಗುರುತಿನ ಕೀಲಿಗಳನ್ನು ಒತ್ತಿ ಫ್ರೀಕ್ವೆನ್ಸಿ ಬದಲಿಸಲು ಕಲಿಸಿದೆ. ಆದರೆ ಪರದೆಯ ಮೇಲೆ ಯಾವುದಾದರೂ ಸೂಚನೆ ಎದ್ದರೆ ಆ ಕೀಲಿಗಳು ಕೆಲಸ ಮಾಡುತ್ತಿರಲಿಲ್ಲ, ಎದ್ದದ್ದು ಅವರಿಗೆ ತಿಳಿಯುತ್ತಲೂ ಇರಲಿಲ್ಲ. ಹೀಗಾಗಿ ದಿನವೂ ಹಾನಗಲ್ಲಿನ ಬಸ್ಸು ಹಿಡಿಯುವ ಮುನ್ನ ನಾನೇ ಹೋಗಿ ಗೆಳೆಯರ ಫ್ರೀಕ್ವೆನ್ಸಿಗೆ ಇಟ್ಟು ಬರುತ್ತಿದ್ದೆ. ಮೈಕಿನಲ್ಲಿ ಅವರು ಮಾತನಾಡಬಲ್ಲರು, ಅಲ್ಲಿಂದ ಕದಲಲಾರರು. ಪರವಾನಗಿ ಇಲ್ಲದವರು ರೇಡಿಯೋ ಮುಟ್ಟಬಾರದೆಂಬುದು ಅವರ ಕಟ್ಟುನಿಟ್ಟು.

"ನನ್ನ ಕೈಲೆ ಮಾಡಿದ್ದು ಉಣ್ತಾರ, ಮೌಸ್ ಮಾತ್ರ ಮುಟ್ಟಗೊಡಂಗಿಲ್ಲ ನೋಡು" ಎಂದು ಅವರ ಹೆಂಡತಿ, ನಮ್ಮ ಚಾಚಿ, ಚುಚ್ಚುತ್ತಿದ್ದರು.

ಒಂದು ಗುಂಡಿ ಮಾಡಿಕೊಡು ಎಂದು ಚಾಚಾ ಎಷ್ಟೋ ಸಲ ಕೇಳಿದರು. ಅದು ಹಿಂದಕ್ಕೆ ಹೋದಂತೆ, ಅಭ್ಯಾಸವಾದರೆ ಕೀಲಿಗಳೇ ಸಾಕು ಎಂದು ನಾನು ಪ್ರತಿ ಸಲವೂ ಸಮಾಧಾನದಿಂದ, ಕಾರಣಸಹಿತ ಉತ್ತರಿಸಿದೆ. ಹೀಗೆ ಎಂಟು ತಿಂಗಳು...

ಒಂದು ಸಂಜೆ ಹೋದಾಗ ಅವರು ಬೆಳಗಿನ ಅದೇ ಅಂಗಿಯಲ್ಲಿ, ಅದೇ ಕುರ್ಚಿಯ ಮೇಲಿದ್ದರು. ಸ್ಪೀಕರಿನಲ್ಲಿ ಬರಿಯ ಸರ್ ಎನ್ನುವ ಗದ್ದಲ. ಪರದೆಯ ಮೇಲೆ ಯಾವುದೋ ಸೂಚನೆ ಎದ್ದು ಕೀಲಿಗಳನ್ನು ತಡೆದಿತ್ತು. ಊಟಕ್ಕೂ ಎದ್ದಿಲ್ಲವೆಂದು ಚಾಚಿ ಬಾಗಿಲಲ್ಲೇ ಹೇಳಿದ್ದರು.

"ಮುಂಜಾನೆ ಗದ್ದಲ ಭಾಳ ಆತು" ಎಂದರು ಚಾಚಾ. "ಐದು ಮ್ಯಾಲ ಹೋಗೂಣು ಅಂದ್ರು. ಎಲ್ಲಾರೂ ಹ್ವಾದ್ರು. ನಾ ಕರದೆ, ಕರದೆ... ಯಾರರ ಇದ್ರಲ್ಲ ಅಲ್ಲೆ? ಹೊಳ್ಳಿ ಬಂದಾರು ಅಂತ ಕುಂತೇನಿ."

ಐದು ಕಿಲೋಹರ್ಟ್ಸ್. ಹಳೆಯ ಸೆಟ್ಟಿನಲ್ಲಾದರೆ ಬೆರಳಿನ ಒಂದು ತಿರುವು. ನಾನು ಮೌಸಿನತ್ತ ಕೈ ಚಾಚಿದೆ. ಅವರು ಮೆಲ್ಲಗೆ ಹೇಳಿದರು:

"ದಿನಾ ಮುಂಜಾನೆ ಕೀಲಿ ಹಾಕಿ ಹೋಗ್ತಿ ತಮ್ಮಾ. ಸಂಜೀಕ ಬಂದು ತಗೀತಿ."

ಅಂದೇ ರಾತ್ರಿ ಕೂತು ಗುಂಡಿಗೆ ಬೇಕಾದ ಸಾಮಾನಿನ ಪಟ್ಟಿ ಬರೆದೆ.

ಮರುವಾರವೇ ಸಣ್ಣ ಸರ್ಕೀಟಿನ ಹಲಗೆ ತರಿಸಿದೆ. ಪರದೆಯ ಮೇಲೆ ಏನೇ ಎದ್ದರೂ ಗುಂಡಿಯ ತಿರುವು ನೇರವಾಗಿ ರೇಡಿಯೋಗೆ ತಲುಪುವಂತೆ ಪ್ರೋಗ್ರಾಂ ಬರೆದೆ. ಹಲಗೆಯ ಜೊತೆ ಬಂದ ಪ್ಲಾಸ್ಟಿಕ್ ಗುಂಡಿಯನ್ನು ಚಾಚಾ ಮುಟ್ಟಿ ಬದಿಗಿಟ್ಟರು; ತೂಕವಿಲ್ಲ, ಸಾಲದ್ದಕ್ಕೆ ಹೆಜ್ಜೆಹೆಜ್ಜೆಗೂ ಕಟಕ್ ಎಂದು ತಡೆಯುತ್ತದೆ. ಒಳಗಿನ ತಡೆಯ ಸ್ಪ್ರಿಂಗನ್ನು ಬೆರಳ ತುದಿಯಿಂದಲೇ ಹುಡುಕಿ ಕಿತ್ತರು. ಮುಚ್ಚಿದ ಅಂಗಡಿ ತೆಗೆಸಿ, ಪಂಪಿನ ಹಳೆಯ ಬೇರಿಂಗು ಆರಿಸಿದರು. ಲೇತಿನಲ್ಲಿ ಕೊರೆಸಿ ತಂದ ಹಿತ್ತಾಳೆಯ ಬಿಲ್ಲೆಯನ್ನು ಅದಕ್ಕೆ ಕೂರಿಸಿ, ಸಂದಿಗೆ ವಾರ್ನಿಶು ಬಿಟ್ಟರು. ಒಮ್ಮೆ ಬೀಸಿ ತಿರುವಿದರೆ ತನ್ನ ಭಾರಕ್ಕೆ ತಾನೇ ನಾಲ್ಕು ಸುತ್ತು ಹೋಗುತ್ತಿತ್ತು.

ಅದನ್ನು ಜೋಡಿಸಿದ ದಿನ ಅವರು ಮೊದಲು ಮಾಡಿದ್ದು ನಾನು ಇಟ್ಟ ಫ್ರೀಕ್ವೆನ್ಸಿಯಿಂದ ದೂರ ಹೋಗಿದ್ದು. ಯಾವುದೋ ಭಾಷೆಯ ಮಾತು, ಯಾರದೋ ನಗು, ಮೋರ್ಸ್ ಸಂಕೇತದ ಟಿಕಟಿಕ ದಾಟಿ ಹೋಗುತ್ತಲೇ ಇದ್ದರು. ನಾನು ಅಲ್ಲಿರುವುದನ್ನು ಮರೆತಿದ್ದರು. ನಾನು ಸದ್ದಿಲ್ಲದೆ ಎದ್ದು ಬಂದೆ.

ಒಂದು ಚಳಿಗಾಲ, ಒಂದು ಬೇಸಿಗೆ ಅಷ್ಟೇ ಅವರಿಗೆ ದಕ್ಕಿದ್ದು. ಮಳೆ ಹಿಡಿಯುವ ಹೊತ್ತಿಗೆ ಎದೆನೋವಿನಿಂದ ಹೋಗಿಬಿಟ್ಟರು. ನಲವತ್ತನೆಯ ದಿನದ ಊಟವಾದ ಮೇಲೆ ಚಾಚಿ ಗುಂಡಿಯನ್ನು ಕರವಸ್ತ್ರದಲ್ಲಿ ಸುತ್ತಿ ನನ್ನ ಕೈಗಿಟ್ಟರು. ಆ ಎಂಟು ತಿಂಗಳನ್ನು ಮರಳಿ ಕೊಡಲು ನನ್ನಿಂದ ಆಗಲಿಲ್ಲ, ಆಗುವುದೂ ಇಲ್ಲ.

ಬೆಳಗಿನ ಗೆಳೆಯರ ಬಳಗದಲ್ಲಿ ಈಗೊಂದು ಪದ್ಧತಿಯಿದೆ. ನಾನೇ ಕೇಳಿಕೊಂಡದ್ದು. ಎಲ್ಲರೂ ಫ್ರೀಕ್ವೆನ್ಸಿ ಬದಲಿಸಿದಾಗ ಒಬ್ಬರು ಎರಡು ನಿಮಿಷ ಹಿಂದೆ ಉಳಿದು, ಯಾರಾದರೂ ಇದ್ದೀರಾ ಎಂದು ಕೇಳಬೇಕು. ಇಂದು ಗದ್ದಲ ಹೆಚ್ಚಾಗಿ ಎಲ್ಲರೂ ಐದು ಮೇಲಕ್ಕೆ ಹೋದರು. ನಾನು ಉಳಿದೆ. ಒಮ್ಮೆ ಕೇಳಿದೆ, ಮತ್ತೊಮ್ಮೆ ಕೇಳಿದೆ. ಸರ್ ಎನ್ನುವ ಸದ್ದು ಬಿಟ್ಟರೆ ಏನೂ ಇಲ್ಲ... ಅಷ್ಟರಲ್ಲಿ ಹಿತ್ತಾಳೆ ಬೆಚ್ಚಗಾಗಿತ್ತು. ಗುಂಡಿ ತಿರುವಿ ನಾನೂ ಮೇಲಕ್ಕೆ ಹೋದೆ.